ಹನುಮೇಶನ ಗಿಟಾರಿಗೆ ಜೋಕಾಲಿ ಕಟ್ಟಿದ್ದು

ಎದುರು ಮನೆಯವರು ಬಾಗಿಲಿಗೆ ಪಾಲಿಶ್ ಹೊಡೆಸುತ್ತಿದ್ದಾರೆ. ಅರಗು, ಸ್ಪಿರಿಟ್ಟು ಕೂಡಿದ ಆ ವಾಸನೆ ನಿಮಗೂ ಗೊತ್ತಿರಬಹುದು. ಎಲ್ಲರಿಗೂ ಅದು ತಲೆಗೇರಿದರೆ ನನಗೆ ನೇರ ಹೊಟ್ಟೆಗೆ ಇಳಿಯುತ್ತದೆ. ಅಲ್ಲಿ ಹಳೆಯದೊಂದು ಕಿಚ್ಚು ಇನ್ನೂ ಆರಿಲ್ಲ. ವಯಸ್ಸಾದ ಮೇಲೆ ಬಿಪಿ ಬಂತು, ಶುಗರ್ ಬಂತು, ಅವಕ್ಕೆಲ್ಲ ಗುಳಿಗೆಯೂ ಸಿಕ್ಕಿತು. ಹನುಮೇಶನ ಗಿಟಾರಿನ ಮೇಲಿನ ಹೊಟ್ಟೆಕಿಚ್ಚಿಗೆ ಮಾತ್ರ ರಾಯಚೂರಿನ ಯಾವ ಡಾಕ್ಟರರ ಹತ್ತಿರವೂ ಮದ್ದಿರಲಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ರಾಯಚೂರಿನಲ್ಲಿ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಹಗಲು ಊರವರ ರೇಡಿಯೋ ಬಿಚ್ಚುವುದು, ಸಂಜೆ ಕಾಶೀನಾಥ ಮಾಸ್ತರರ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುವುದು. ನನ್ನ ಗಿಟಾರು ಹೈದರಾಬಾದಿನ ಸೆಕೆಂಡ್ ಹ್ಯಾಂಡ್ ಮಾಲು. ಕತ್ತು ತುಸು ಬಾಗಿತ್ತು. ಆದರೂ ಊರಿಗೊಬ್ಬಳೇ ಪದ್ಮಾವತಿ ಎಂಬಂತೆ ಮೆರೆಯುತ್ತಿದ್ದೆ. ಆರ್ಕೆಸ್ಟ್ರಾದಲ್ಲಿ ಗಿಟಾರಿನವನು ಕೂರುವ ಆ ಕುರ್ಚಿಯ ಮೇಲೆ ನನಗೆ ಅಷ್ಟು ಪ್ರೀತಿ ಇದ್ದದ್ದಕ್ಕೆ ಸಂಗೀತವೊಂದೇ ಕಾರಣವಲ್ಲ. ಕುರ್ಚಿಯ ಪಕ್ಕದ ಮೈಕಿನ ಮುಂದೆ ವತ್ಸಲಾ ನಿಲ್ಲುತ್ತಿದ್ದಳು. ಮಾನ್ವಿಯ ಶಾಲಾ ಮಾಸ್ತರರೊಬ್ಬರ ಮಗಳು. ಮನೆಯಲ್ಲಿ ದೇವರನಾಮ ಹಾಡಿ ಪಳಗಿದ ದನಿ. ಆಕೆ ಹಾಡುವಾಗ ನಾನು ತಂತಿ ನೋಡಬೇಕೋ ಆಕೆಯನ್ನು ನೋಡಬೇಕೋ ತಿಳಿಯದೆ ಎರಡರಲ್ಲೂ ತಪ್ಪುತ್ತಿದ್ದೆ.

ಅಂಥದರಲ್ಲಿ ದೇವದುರ್ಗದಿಂದ ಹನುಮೇಶ ಬಂದ. ಕುರಿ ಕಾಯುವ ಮನೆತನದ ಹುಡುಗ. ಕೆಡವಿದ ಯಾವುದೋ ಮನೆಯ ತೇಗದ ಬಾಗಿಲನ್ನು ಹೊತ್ತು ತಂದು, ಕೊಯ್ದು, ಅಂಟಿಸಿ, ಒಡೆದ ಗಾಜಿನ ಚೂರಿನಿಂದ ಕೆರೆದು ಕೆರೆದು ತಾನೇ ಎಲೆಕ್ಟ್ರಿಕ್ ಗಿಟಾರ್ ಮಾಡಿಕೊಂಡಿದ್ದ. ಅದರ ಎದೆ ಸಪಾಟಾಗಿರಲಿಲ್ಲ. ಈಗಷ್ಟೇ ಎಣ್ಣೆಯಿಂದೆತ್ತಿದ ಪೂರಿಯಂತೆ ನಡುವೆ ಉಬ್ಬಿ ಅಂಚಿಗೆ ಇಳಿದಿತ್ತು. ಮೇಲೆ ಅರಗಿನ ಪಾಲಿಶ್. ಅದನ್ನು ಮೊದಲ ಸಲ ನೋಡಿದಾಗ ಬಾಯಲ್ಲಿ 'ಭೇಷ್' ಅಂದೆ. ಒಳಗೆ ಏನಂದೆನೋ ಬರೆಯುವಂತಿಲ್ಲ.

ಉರಿಯುವ ಬೆಂಕಿಗೆ ತುಪ್ಪ ಸುರಿದವನು ಅವನ ಸೋದರಮಾವ. ಮುಂಬಯಿ ಬಂದರಿನಲ್ಲಿ ಕೆಲಸಕ್ಕಿದ್ದ ಆತ ಹಡಗಿನವರಿಂದ ಪಡೆದ ಒಂದು ಲಾಕಿಂಗ್ ಟ್ರೆಮೊಲೊ ಕಳಿಸಿದ್ದ. ತಂತಿಗಳನ್ನು ಎರಡೂ ತುದಿಯಲ್ಲಿ ಬಿಗಿದು ಕಚ್ಚಿ ಹಿಡಿಯುವ ಉಕ್ಕಿನ ಸಾಮಾನು. ಅದರ ಹಿಡಿಕೆ ಒತ್ತಿದರೆ ನಾದ ಪಾತಾಳಕ್ಕೆ ಜಾರುತ್ತದೆ, ಬಿಟ್ಟರೆ ಹೊರಟಲ್ಲಿಗೇ ಮರಳುತ್ತದೆ. ನಾವು ಅದಕ್ಕೆ ಜೋಕಾಲಿ ಎಂದೇ ಹೆಸರಿಟ್ಟೆವು. ಹನುಮೇಶ ಅದನ್ನು ಹಿಡಿದು ನೇರ ನನ್ನ ಅಂಗಡಿಗೇ ಬರಬೇಕೆ?

"ಅಣ್ಣಾ, ಇದನ್ನ ನೀವೇ ಕೂಡ್ರಿಸಿ ಕೊಡ್ರಿ. ನಿಮ್ಮ ಕೈ ಭಾಳ ಛಲೋ ಅದ."

ಉಬ್ಬಿದ ಎದೆಯ ಮೇಲೆ ಸಪಾಟು ತಗಡು ಕೂಡುವುದಿಲ್ಲ. ಎದೆಯಲ್ಲೇ ಒಂದು ಗುಂಡಿ ಕೆತ್ತಬೇಕು, ಸ್ಪ್ರಿಂಗುಗಳಿಗಾಗಿ ಬೆನ್ನಿನವರೆಗೆ ತೂತು ತೆಗೆಯಬೇಕು. ಉಳಿಯನ್ನು ನನ್ನ ಕೈಗೆ ಕೊಟ್ಟು ಅವನು ಬಾಗಿಲ ಕಡೆ ತಿರುಗಿ ನಿಂತ. "ನಾ ನೋಡಂಗಿಲ್ಲಣ್ಣ, ಕರುಳು ಚುರ್ ಅಂತದ."

ಯೋಚಿಸಿ ನೋಡಿ. ವೈರಿಯ ಕತ್ತು ತಾನಾಗಿ ನಿಮ್ಮ ಕತ್ತರಿಯ ಕೆಳಗೆ ಬಂದಿದೆ. ಉಳಿ ಒಂದು ಕೂದಲೆಳೆ ಜಾರಿದರೆ ಸಾಕು. ಆದರೆ ಜಾರಿದರೆ ನನ್ನ ಗುಟ್ಟೂ ರಟ್ಟಾಗುತ್ತಿತ್ತು. ಹೊಟ್ಟೆಕಿಚ್ಚು ಯಾರಿಗೂ ಕಾಣದಂತೆ ನಗುನಗುತ್ತ ತಿರುಗುತ್ತಿದ್ದ ನಾನು, ಅದೇ ಭಯಕ್ಕೆ ಉಸಿರು ಹಿಡಿದು ಕೆತ್ತಿದೆ. ಜೀವಮಾನದಲ್ಲಿ ಅಷ್ಟು ನೀಟಾದ ಕೆಲಸ ಮತ್ತೆ ಮಾಡಲಿಲ್ಲ. ತಂತಿ ಸೇರಿಸಿ, ಪುಟ್ಟ ಚಾವಿಯಿಂದ ಬಿಗಿದು, ಹಿಡಿಕೆ ಒತ್ತಿ ಬಿಟ್ಟೆ. ನಾದ ಹೋದ ದಾರಿಯಲ್ಲೇ ಬರೋಬ್ಬರಿ ವಾಪಸು ಬಂತು. ಹನುಮೇಶ ನನ್ನ ಕಾಲು ಮುಟ್ಟಲು ಬಂದ. ನನಗೆ ಅಳು ಬಂತು.

ಕಾಶೀನಾಥ ಮಾಸ್ತರರು ಕೇಳಿ ತಲೆದೂಗಿದರು. "ಮಾನ್ವಿ ಮದಿವ್ಯಾಗ ಹನುಮೇಶನೇ ಬಾರಿಸಲಿ. ಛಲೋ ಆತಂದ್ರ ಇನ್ಮ್ಯಾಲೆ ಕುರ್ಚಿ ಅವಂದೇ. ನೀನೂ ಗಿಟಾರ್ ತಗೊಂಡು ಬಾ, ಇರ್ಲಿ."

ಆ 'ಇರ್ಲಿ'ಯನ್ನು ಹೊತ್ತುಕೊಂಡು ನಾನೂ ಮಾನ್ವಿ ಬಸ್ಸು ಹತ್ತಿದೆ.

ಇಲ್ಲಿ ಒಂದು ಮಾತು ಹೇಳಬೇಕು. ನಮಗೆ ಗಿಟಾರ್ ಕಲಿಸಿದ ಗುರುಗಳು ಯಾರೂ ಇರಲಿಲ್ಲ. ನಾವೆಲ್ಲ ಭಜನೆಯಿಂದ ಬಂದವರು. ಹಾಡುವವರ ದನಿಗೆ ತಂಬೂರಿ ಸೇರಿಸುವಂತೆ ಗಿಟಾರಿನ ತಂತಿ ಬಿಗಿಯುವ ಕಿವಿಗಳನ್ನೂ ತಿರುವಿ ಸೇರಿಸುವುದು ನಮ್ಮ ಪದ್ಧತಿ. ಬೆರಳು ಜರುಗಿಸಿ ಬೇರೆ ಶ್ರುತಿಯಲ್ಲಿ ಬಾರಿಸಬಹುದೆಂಬ ವಿದ್ಯೆ ತುಂಗಭದ್ರೆ ದಾಟಿ ನಮ್ಮ ಕಡೆ ಬಂದಿರಲಿಲ್ಲ.

ಸಂಜೆ ಆರತಕ್ಷತೆಯ ಚಪ್ಪರದಲ್ಲಿ ವತ್ಸಲಾ ಕೆಮ್ಮುತ್ತ ಬಂದಳು. "ಮಾಸ್ತರ್, ಗಂಟಲು ಕಟ್ಟ್ಯದರೀ. ಇವತ್ತ ಶ್ರುತಿ ಸ್ವಲ್ಪ ಕೆಳಗ ಹಿಡೀರಿ."

ಮಾಸ್ತರರು ಹಾರ್ಮೋನಿಯಂ ಮೇಲೆ ಬೆರಳು ಜರುಗಿಸಿದರು. ಹನುಮೇಶ ಗಿಟಾರಿನ ಕಿವಿ ತಿರುವಿದ. ತಿರುವೇ ತಿರುವಿದ. ತಂತಿ ಜಪ್ಪಯ್ಯ ಅಂದರೂ ಕದಲಲಿಲ್ಲ. ಕತ್ತಿನಲ್ಲಿ ಬಿಗಿದ ಬೀಗ ಅದನ್ನು ಕಚ್ಚಿ ಹಿಡಿದಿತ್ತು.

"ಅಣ್ಣಾ, ಇದು ಸಡಿಲ ಆಗವಲ್ದು! ಚಾವಿ ಎಲ್ಲದರೀ?"

ಚಾವಿ ರಾಯಚೂರಿನಲ್ಲಿ, ನನ್ನ ಅಂಗಡಿಯ ಡ್ರಾದಲ್ಲಿ. ದೇವರಾಣೆ ಮರೆತಿದ್ದೆ. ಎಲ್ಲರ ಕಣ್ಣೂ ನನ್ನ ಮೇಲೆ ಬಿದ್ದವು. ಮಾಸ್ತರರು ನಿಟ್ಟುಸಿರು ಬಿಟ್ಟು, "ತಗಿಯಪಾ ನಿನ್ನ ಗಿಟಾರ್" ಎಂದರು. ಸುಳ್ಳೇಕೆ ಹೇಳಲಿ, ಆ ಕ್ಷಣ ನನಗೆ ಸ್ವರ್ಗಕ್ಕೆ ಮೂರೇ ಗೇಣು. ಎದ್ದೂ ಆಗಿತ್ತು.

"ಬ್ಯಾಡ ಬಿಡ್ರಿ," ಎಂದಳು ವತ್ಸಲಾ. "ಅದು ಎಲ್ಲಿ ನಿಂತದೋ ಅಲ್ಲೇ ಹಾಡ್ತೀನಿ."

ಹಾಡಿದಳು. ಕತ್ತಿನ ನರ ಉಬ್ಬಿ ಬರುವಂತೆ, ಆ ಕಟ್ಟಿದ ಗಂಟಲನ್ನು ಮೇಲಕ್ಕೆ ಎಳೆದೆಳೆದು ಹಾಡಿದಳು. ದನಿ ಇನ್ನೇನು ಒಡೆಯುತ್ತದೆ ಅನ್ನುವಾಗ ಹನುಮೇಶ ಹಿಡಿಕೆ ಒತ್ತುತ್ತಿದ್ದ, ಗಿಟಾರೂ ನಡುಗುತ್ತಿತ್ತು. ಮಂದಿ ಇದೇನೋ ಹೊಸ ಗಮಕ ಎಂದುಕೊಂಡು ಸಿಳ್ಳೆ ಹೊಡೆದರು. ನಾನು ಆಂಪ್ಲಿಫಯರಿನ ಹಿಂದೆ ಕೂತು ಉರಿದೆ. ವಾದ್ಯ ದನಿಗೆ ಸೇರುವುದು ಲೋಕದ ರೂಢಿ. ದನಿ ವಾದ್ಯದ ಹತ್ತಿರ ಹೋದದ್ದನ್ನು ನಾನು ಅಂದೇ ನೋಡಿದ್ದು, ಅದೂ ಅವನ ವಾದ್ಯದ ಹತ್ತಿರ. ಕುರ್ಚಿ ಹೋಯಿತು. ಮುನಿಸಿಕೊಂಡು ಆರ್ಕೆಸ್ಟ್ರಾದ ಕಡೆ ಎಷ್ಟೋ ದಿನ ತಲೆಹಾಕಲಿಲ್ಲ.

ಹಾಗಾದರೆ ವತ್ಸಲಾ ಹನುಮೇಶನನ್ನು ಮದುವೆಯಾದಳೇ ಎಂದು ನೀವು ಕೇಳುತ್ತೀರಿ. ಇಲ್ಲ, ನನ್ನನ್ನೇ ಆದಳು. ಹಿರಿಯರು ಕೂತು ಮಾತಾಡಿದರು, ಆಕೆ ಹೂಂ ಅಂದಳು. ಗೆದ್ದವನಿಗೂ ಹೊಟ್ಟೆಕಿಚ್ಚೇ ಎಂದು ನಗಬೇಡಿ. ಇಷ್ಟು ವರ್ಷದ ಸಂಸಾರದಲ್ಲಿ ಆಕೆಯ ಶ್ರುತಿಗೆ ನಾನು ಸೇರಿಕೊಂಡು ಬಂದೆನೇ ಹೊರತು ಆಕೆ ನನಗಾಗಿ ಅರ್ಧ ಸ್ವರವೂ ಕದಲಿದವಳಲ್ಲ. ಅವನಿಗಾಗಿ ಮಾತ್ರ ಒಂದು ಸಂಜೆ ಕದಲಿದ್ದಳು.

ಇವತ್ತು ತಡೆಯಲಾಗಲಿಲ್ಲ. ಅಕ್ಕಿ ಆರಿಸುತ್ತ ಕೂತಿದ್ದವಳನ್ನು, ಅವತ್ತು ಅವನ ಸಲುವಾಗಿ ಯಾಕೆ ಹಾಗೆ ಹಾಡಿದೆ ಎಂದು ಕೇಳಿಯೇ ಬಿಟ್ಟೆ. ಆಕೆ ಮೊರದಿಂದ ಕಣ್ಣೆತ್ತಲಿಲ್ಲ.

"ಅವನ ಸಲುವಾಗಿ ಯಾರು ಹಾಡಿದ್ರು? ಜೋಕಾಲಿ ಕೂಡ್ರಿಸಿದವ್ರು ನೀವು, ಚಾವಿ ಮರ್ತು ಬಂದವ್ರೂ ನೀವು. ನಿಮ್ಮ ಹೊಟ್ಟಿಕಿಚ್ಚು ಊರಿಗೆಲ್ಲ ಗೊತ್ತಿತ್ತು. ಅವತ್ತ ನಾ ಹಾಡದಿದ್ರ, ಬೇಕಂತನೇ ಕೆಡಿಸ್ಯಾನ ಅಂತಿತ್ತು ಮಂದಿ."

"ನೀನೂ ಹಂಗೇ ಅನ್ಕೊಂಡಿದ್ದೇನು?"

"ಅನ್ಕೊಂಡಿದ್ರ ನಿಮ್ಮನ್ನ ಮದಿವಿ ಆಗ್ತಿದ್ನೇನು?" ಒಂದು ಕಲ್ಲು ಆರಿಸಿ ಪಕ್ಕಕ್ಕೆ ಎಸೆದಳು. "ಆಮ್ಯಾಲೆ ವಾರಗಟ್ಟಲೆ ನನ್ನ ದನಿ ಹೊಂಟಿರ್ಲಿಲ್ಲ. ಹನುಮೇಶ ಬಂದು ಕೇಳಿದ, ಮಾಸ್ತರು ಕೇಳಿದ್ರು. ನೀವು ಬರಲಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ನಾನು ಒಳಗೆ ಹೋಗಿ, ನೀರು ಬಿಸಿ ಮಾಡಿ, ಉಪ್ಪು ಹಾಕಿ ತಂದು ಅವಳ ಮುಂದಿಟ್ಟೆ.

"ಗಂಟಲು ಈಗ ಹೆಂಗದ?" ಎಂದೆ.

ವತ್ಸಲಾ ಲೋಟವನ್ನೂ ನನ್ನನ್ನೂ ನೋಡಿದಳು.

"ಭಾಳ ಜಲ್ದಿ ಕೇಳಿದ್ರಿ," ಎಂದಳು.