ಬಾಗಿಲಿಲ್ಲದ ಬೀರು

ಮರೆವಿನ ಕಾಯಿಲೆಯವರ ಮಲಗುವ ಕೋಣೆಗೆ ಮಂಚ, ಬೀರು ಮಾಡುವ ವೀಟ್ಸ್ಕೆ, ಹಾರ್ಲಿಂಗನ್ ಎಂಬ ಬಂದರು ಪಟ್ಟಣದಲ್ಲಿದ್ದ ತನ್ನ ತಾಯಿ ಯೆಲ್ಟ್ಯೆಗೂ ಬಾಗಿಲಿಲ್ಲದ ಬೀರು ಮಾಡಿಕೊಟ್ಟಳು. ಕಣ್ಣೆದುರಿಗಿದ್ದರೆ ತಾನೇ ತೊಟ್ಟಾಳೆಂದು ಒಂದೇ ಒಂದು ನೀಲಿ ಉಡುಪನ್ನು ತೂಗುಹಾಕಿದಳು. ತಾನಾಗಿ ಬಟ್ಟೆ ತೊಡಲಾಗದಿದ್ದರೆ ಅವಳಿಗೆ ವೃದ್ಧಾಶ್ರಮವೇ ಗತಿ.

ಯೆಲ್ಟ್ಯೆ ಉಡುಪಿನ ಸುಕ್ಕನ್ನು ಅಂಗೈಯಿಂದ ತೀಡುತ್ತ ನಿಂತಳು.

"ಹಾಕ್ಕೋ ಅಮ್ಮಾ."

"ಅಯ್ಯೋ, ಅಮ್ಮಾವ್ರ ಬಟ್ಟೆ ಹಾಕ್ಕೊಂಡ್ರೆ ಕೆಲಸದಿಂದ ಓಡಿಸ್ತಾರೆ. ನೀನು ಹೊಸಬಳು, ನಿಂಗೇನ್ ಗೊತ್ತು!"

ನಲವತ್ತು ವರ್ಷ ಅವಳು ಪರರ ಮನೆಗೆಲಸ ಮಾಡಿದ್ದಳು. ಅಲ್ಲಿಯವರೆಗೆ ಅವಳಿಗಾಗಿ ಯಾರೂ ಬಟ್ಟೆ ತೆಗೆದಿಟ್ಟಿರಲಿಲ್ಲ, ಮಗಳೂ ಸಹ.

ಮರುದಿನ ವೀಟ್ಸ್ಕೆ ಉಡುಪಿನ ಮೇಲೆ ತಾಯಿಯ ಹಳೆಯ ಮನೆಗೆಲಸದ ಏಪ್ರನ್ ಹಾಕಿಟ್ಟಳು.

"ಹಾಂ, ಇದು ನಂದು," ಎಂದ ಯೆಲ್ಟ್ಯೆ ಉಡುಪು ತೊಟ್ಟು, ಗುಂಡಿ ಹಾಕಿ, ಏಪ್ರನ್ ಬಿಗಿದುಕೊಂಡಳು. ಬೆರಳು ಒಮ್ಮೆಯೂ ತಡವರಿಸಲಿಲ್ಲ.

ಆಮೇಲೆ ಮಗಳ ಮುಂದೆ ತಲೆ ತಗ್ಗಿಸಿ ನಿಂತಳು.

"ಮೊದ್ಲು ಯಾವ ಕೋಣೆ ಗುಡಿಸ್ಲಿ, ಅಮ್ಮಾವ್ರೇ?"