ಪ್ಲಸ್ ಕಿವಿ, ಮೈನಸ್ ಕಿವಿ ಮತ್ತು ಲಾಡಬಿ

ಬೆಳಗಿನ ಆರು ಗಂಟೆ. ಪಾವ್ ಮಾರುವವನ ಸೈಕಲ್ ಹಾರ್ನ್ ಮಡಗಾಂವಿನ ಕಡೆಯ ಸಾವರ್ಡೆಯ ಓಣಿ ದಾಟುವಷ್ಟರಲ್ಲಿ ಲಾಡಬಿ ಅವರ ಸೋಲ್ಡರಿಂಗ್ ಕಡ್ಡಿ ಕಾದಿದೆ, ಚಹಾ ಇನ್ನೂ ಕಾದಿಲ್ಲ. ಮೇಜಿನ ಮೇಲಿರುವುದು ಕನ್ನಡ ಸಂಘದ ಹೊಸ ಆಂಪ್ಲಿಫೈಯರ್. ಹತ್ತಕ್ಕೆ ರಾಜ್ಯೋತ್ಸವ. ಮೈಕಿನಲ್ಲಿ ಎಷ್ಟು ಕೂಗಿದರೂ ಪೆಟ್ಟಿಗೆ ತುಟಿ ಪಿಟಕ್ಕೆನ್ನದು. ಜೋರಾಗಿ ಕುಟ್ಟಿದರೆ ಒಮ್ಮೆ 'ಟಪ್' ಎಂದು ಮತ್ತೆ ಸುಮ್ಮನಾಗುತ್ತದೆ.

ಎದುರಿನ ಕುರ್ಚಿಯಲ್ಲಿ ಸಂಘದ ಅಧ್ಯಕ್ಷ ರಘೋತ್ತಮ ರಾಯರು. ಧಾರವಾಡದವರು, ನಿವೃತ್ತ ಬ್ಯಾಂಕ್ ಮ್ಯಾನೇಜರು, ಕಿಸೆಯಲ್ಲಿ ಹದಿನಾಲ್ಕು ಪುಟದ ಭಾಷಣ. "ಶಫೀಸಾಬರು ಎಲ್ಲಿದ್ದಾರವಾ?" ಎಂದು ಮೂರನೇ ಸಲ ಕೇಳುತ್ತಾರೆ. ಶಫೀಸಾಬ ಲಾಡಬಿ ಅವರ ಯಜಮಾನರು, ಲಾರಿ ಡ್ರೈವರು. ಟೈರ್ ಬಿಚ್ಚಬಲ್ಲರು, ಆಂಪ್ಲಿಫೈಯರ್ ಅಲ್ಲ.

"ಮಲಗ್ಯಾರ್ರಿ ರಾಯರ. ಎಬ್ಬಿಸಿದ್ರ ಚಲೋ ಇದ್ದದ್ದೂ ಕೆಡತೈತಿ."

ರಾಯರು ನಗುವುದಿಲ್ಲ. ಹತ್ತರೊಳಗೆ ಆಗದಿದ್ದರೆ ಮಡಗಾಂವಿನ ದೊಡ್ಡ ಅಂಗಡಿಯವರು ಬರುತ್ತಾರೆ, ಮುಂದೆ ಸಂಘದ ಕೆಲಸವೆಲ್ಲ ಅವರಿಗೇ ಎಂದು ಖಡಾಖಂಡಿತ ಹೇಳುತ್ತಾರೆ. ಲಾಡಬಿ ಪೆಟ್ಟಿಗೆಯನ್ನು ಇನ್ನೂ ಹತ್ತಿರ ಎಳೆದುಕೊಳ್ಳುತ್ತಾರೆ. ಹೋಗುವುದು ಬರೀ ಕೆಲಸವಲ್ಲ, "ಹೆಂಗಸಿಗೆ ಏನು ತಿಳೀತದ" ಎಂಬ ಮಾತು ಊರೆಲ್ಲ ಗೆದ್ದಂತಾಗುತ್ತದೆ.

ಸಿಂದಗಿ ಕಡೆಯ ಲಾಡಬಿ ಓದಿದ್ದು ಏಳನೇ ಇಯತ್ತೆ. ಗಣಿ ಮುಚ್ಚಿ ಯಜಮಾನರ ಲಾರಿ ನಿಂತ ವರ್ಷ ಮುದುಕ ರೇಡಿಯೊ ಮೆಕ್ಯಾನಿಕ್ ಒಬ್ಬನ ಅಂಗಡಿಗೆ ಕಸ ಗುಡಿಸಲು ಸೇರಿದರು. ಕಸದಲ್ಲಿ ಬಿದ್ದ ಬಿಡಿಭಾಗ ಆರಿಸುತ್ತ, ಅವುಗಳ ಹೆಸರು ಕೇಳುತ್ತ ಗುಡಿಸುವುದನ್ನೇ ಮರೆತರು. ಮುದುಕ ಕೊಂಕಣಿಯಲ್ಲಿ ಬೈದು ಬೈದು ಕಲಿಸಿದ. ಈಗ ದಿನಕ್ಕೆ ಐದಾರು ಪೆಟ್ಟಿಗೆ, ಕ್ರೈಸ್ತರ ಹಬ್ಬ ಫೆಸ್ತ್ ಮತ್ತು ಚೌತಿಯ ಹೊತ್ತಿಗೆ ಹನ್ನೆರಡು. ಚರ್ಚಿನದು, ಮಸೀದಿಯದು, ಗುಡಿಯದು, ಮೀನಿನ ಟೆಂಪೊದ್ದು. ಎಲ್ಲವೂ ಒಂದೇ ಮೇಜಿನ ಮೇಲೆ ಬಾಯಿ ಮುಚ್ಚಿಕೊಂಡು ಅನ್ಯೋನ್ಯವಾಗಿರುತ್ತವೆ.

ಏಳೂವರೆಗೆ ಕಳ್ಳ ಸಿಗುತ್ತಾನೆ. ಎಂಟು ಕಾಲಿನ ಪುಟ್ಟ ಐಸಿ, ಅಂದರೆ ದನಿ ಹಿಗ್ಗಿಸುವ ಆಪ್-ಆಂಪ್. ಅದರ ಬಗಲಿನ ರೆಸಿಸ್ಟರ್ ಒಂದು ತಪ್ಪು ಕಾಲಿಗೆ ಅಂಟಿದೆ.

"ಇದನ್ನ ಜೋಡಿಸಿದವರು ಯಾರ್ರಿ?"

ರಾಯರು ಕನ್ನಡಕ ಒರೆಸಿಕೊಳ್ಳುತ್ತಾರೆ. ಕಿಟ್ ತರಿಸಿ, ವಿಡಿಯೊ ನೋಡಿ ತಾವೇ ಜೋಡಿಸಿದ್ದು. "ನಕಾಶೆಯೊಳಗ ಮೈನಸ್ ಅಂತನs ಇತ್ತು. ಶುಭಕಾರ್ಯಕ್ಕ ಮೈನಸ್ ಯಾಕ ಅಂತ ಪ್ಲಸ್ಸಿಗೆ ಹಾಕಿದೆ."

ಲಾಡಬಿ ನಗು ತಡೆದು ಪಾಠ ಶುರು ಮಾಡುತ್ತಾರೆ. "ಇದಕ್ಕ ಎರಡು ಕಿವಿ ಅದಾವ್ರಿ. ಎರಡರಾಗ ಕೂದಲೆಳಿಯಷ್ಟು ಫರಕ್ ಬಂದ್ರೂ ಊರಿಗೆ ಕೇಳೂಹಂಗ ಒದರತೈತಿ, ನಮ್ಮ ಮನಿಯವರ ಹಂಗ. ಒದರಿದ್ದರಾಗ ಒಂಚೂರು ಈ ರೆಸಿಸ್ಟರಿಂದ ತಂದು ಮೈನಸ್ ಕಿವಿಗೆ ಹಾಕಿದ್ರ, 'ಸಾಕು, ಇಳಿ' ಅಂದಂಗ. ಹೇಳಿದಷ್ಟs ದನಿ ಮಾಡತೈತಿ. ಪ್ಲಸ್ ಕಿವಿಗೆ ಹಾಕಿದ್ರ 'ಭಲೇ, ಏರು' ಅಂದಂಗ. ಏರಿ ಅಟ್ಟದ ಮ್ಯಾಲ ಕುಂತುಬಿಡತೈತಿ, ಯಾರು ಕರದ್ರೂ ಇಳಿಯಂಗಿಲ್ಲ. ಏರೂದು ಇಳಿಯೂದು ನಿಂತ್ರ ದನಿ ಎಲ್ಲಿಂದ ಬರಬೇಕ್ರಿ?"

"ಚಪ್ಪಾಳಿ ಹೊಡದ್ರ ಭಾಷಣ ಮಾಡಾಂವಗ ಆದಂಗ ಅನ್ನು."

"ನಾ ಅನ್ನಲಿಲ್ರಿ. ಹದಿನಾಲ್ಕು ಪುಟ ಬರದವರು ನೀವs ಅಂದ್ರಿ."

ಈ ಸಲ ರಾಯರು ನಗುತ್ತಾರೆ. ರೆಸಿಸ್ಟರ್ ಕಾಲು ಬದಲಾಗುತ್ತದೆ, ಪೆಟ್ಟಿಗೆ ಬಾಯಿ ಬಿಡುತ್ತದೆ.

ಹತ್ತಕ್ಕೆ ಸಭಾಂಗಣದಲ್ಲಿ ದನಿ ಗಂಟೆ ಹೊಡೆದಂತೆ ಬರುತ್ತದೆ. ರಾಯರು ಅಭ್ಯಾಸಬಲದಿಂದ "ಯಂತ್ರ ಸರಿಪಡಿಸಿದ ಶಫೀಸಾಬರಿಗೆ..." ಎಂದು ಶುರು ಮಾಡುತ್ತಾರೆ. ಹಿಂದಿನ ಸಾಲಿನಿಂದ ಶಫೀಸಾಬ ಎದ್ದು, ಮೈಕಿನ ಹಂಗಿಲ್ಲದೆ ಒದರುತ್ತಾರೆ: "ನಾ ಲಾರಿ ಹೊಡಿಯಾಂವ್ರಿ! ರಿಪೇರಿ ಅಕೀದು!"

ಸಭೆ ಗೊಳ್ಳೆನ್ನುತ್ತದೆ. ರಾಯರು ಕೆಂಪಾಗಿ, ಗಂಟಲು ಸರಿಮಾಡಿಕೊಂಡು, ಮೈಕಿಗೆ ಹತ್ತಿರ ಬಂದು ಹೇಳುತ್ತಾರೆ: "ತಪ್ಪಾತು. ಶ್ರೀಮತಿ ಲಾಡಬಿ ಅವರಿಗೆ."

ಮೂಲೆಯಲ್ಲಿ ವೈರ್ ಹಿಡಿದು ನಿಂತ ಲಾಡಬಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಬಗಲಲ್ಲಿ ನಿಂತವರು ಏನನ್ನಿಸಿತು ಎಂದು ಕೇಳಿದರೆ ಸ್ಪೀಕರಿನತ್ತ ಕೈ ತೋರಿಸುತ್ತಾರೆ.

"ನನ್ನ ಹೆಸರು ಬಂತಲ್ರಿ, ಒಂದಕ್ಷರನೂ ಒಡೀಲಿಲ್ಲ ನೋಡ್ರಿ."