ಬೋರ್ಡಿಲ್ಲದ ಬಾವಿ ಮತ್ತು 'ಹಂದರ'ದ ಪ್ಯಾಕೇಜ್

ಕೊರೊನಾ ಹಾವಳಿ ಮುಗಿದು ಶಾಲೆ ಕಾಲೇಜುಗಳ ಬಾಗಿಲು ಮತ್ತೆ ತೆರೆದ ವರ್ಷ. ನಾನಾಗ ಘಟಪ್ರಭಾದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದೆ. ಅದು ಹೊಟ್ಟೆಪಾಡು. ಅದರ ಜೊತೆಗೆ ಲಿನಕ್ಸ್‌ನ ಒಂದು ಡಿಸ್ಟ್ರಿಬ್ಯೂಷನ್‌ಗೆ ಪ್ಯಾಕೇಜ್ ಕಟ್ಟುವ ಹವ್ಯಾಸವೂ ಇತ್ತು. ಹೆಂಡತಿ ಅದನ್ನು "ಪಗಾರ ಇಲ್ಲದ ಚಾಕರಿ" ಅನ್ನುತ್ತಿದ್ದಳು. 

ಲಿನಕ್ಸ್ ಎಂಬುದು ಕಂಪ್ಯೂಟರನ್ನು ನಡೆಸುವ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ವ್ಯವಸ್ಥೆ. ಅದನ್ನು ಬೇರೆ ಸಾವಿರಾರು ತಂತ್ರಾಂಶಗಳೊಂದಿಗೆ ಕೂಡಿಸಿ ಹಂಚಿದರೆ ಅದು ಡಿಸ್ಟ್ರಿಬ್ಯೂಷನ್. ಯಾರೋ ಬರೆದ ಕೋಡನ್ನು ತಂದು, ಅದು ಎಲ್ಲಿ ಕೂರಬೇಕು, ಅದಕ್ಕೆ ಏನೇನು ಬೇಕು, ಬರೆದವರು ಯಾರು, ಬಳಸಲು ಅವರ ಅನುಮತಿ ಏನು ಎಂದೆಲ್ಲ ಸೇರಿಸಿ ಗಂಟು ಕಟ್ಟಿದರೆ ಪ್ಯಾಕೇಜ್. ಬುತ್ತಿ ಕಟ್ಟಿ ಕಳಿಸಿದ ಹಾಗೆ. ಉಣ್ಣುವವನು ಒಲೆ ಹೊತ್ತಿಸಬೇಕಾಗಿಲ್ಲ.

ಮೂಡಲಗಿಯಿಂದ ಮಹಾದೇವಿ ಅಕ್ಕೋರ ಫೋನು ಬಂದದ್ದು ಆ ವರ್ಷವೇ. ನಮ್ಮ ಕಡೆ ಶಿಕ್ಷಕಿಯನ್ನು ಅಕ್ಕೋರು ಅನ್ನುತ್ತಾರೆ. ಅವರು ಅಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಹಳೆಯ ಕಂಪ್ಯೂಟರುಗಳನ್ನು ಕಂಡಕಂಡವರ ಹತ್ತಿರ ಬೇಡಿ ತಂದು ಒಂದು ಲ್ಯಾಬ್ ಮಾಡಿದ್ದರು. ಅವಕ್ಕೆ ಲಿನಕ್ಸ್ ಹಾಕಿಕೊಟ್ಟವನು ನಾನು. ಮಕ್ಕಳಿಗೆ ವೆಬ್ ಪುಟ ಮಾಡುವುದನ್ನು ಅವರು 'ಹಂದರ' ಎಂಬ ಲೈಬ್ರರಿಯ ಮೂಲಕ ಕಲಿಸುತ್ತಿದ್ದರು. ಮತ್ತೆ ಮತ್ತೆ ಬೇಕಾಗುವ ಕೋಡನ್ನು ಮೊದಲೇ ಬರೆದಿಟ್ಟರೆ ಅದು ಲೈಬ್ರರಿ. 'ಹಂದರ'ದ ಸೊಗಸೆಂದರೆ ಅದರ ಆಜ್ಞೆಗಳೆಲ್ಲ ಕನ್ನಡದಲ್ಲಿದ್ದವು. ಇಂಗ್ಲಿಷ್ ಕಂಡರೆ ಬೆವರುತ್ತಿದ್ದ ಮಕ್ಕಳು ಅದರಲ್ಲಿ ನಗುನಗುತ್ತ ಪುಟ ಕಟ್ಟುತ್ತಿದ್ದರು.

"ಬರೂ ಬ್ಯಾಸಿಗ್ಯಾಗ ನಾ ರಿಟೈರ್ ಆಗ್ತೇನ್ರಿ ಸರ್," ಅಂದರು ಅಕ್ಕೋರು. "ನಮ್ಮಲ್ಲಿ ನೆಟ್ ಹತ್ತೂದಿಲ್ಲ. ಮಷಿನ್ ಕೆಟ್ಟಾಗೊಮ್ಮೆ ಪೆನ್ ಡ್ರೈವ್ ಹಿಡಕೊಂಡು ನಾನ ಹಂದರ ಹಾಕ್ತೇನಿ. ನಾ ಹೋದ ಮ್ಯಾಲ ಯಾರು ಹಾಕ್ತಾರ್ರಿ? ಲಿನಕ್ಸ್ ಸಂಗಡನ ಬರೂಹಂಗ ಮಾಡಾಕ ಬರ್ತೈತೇನು?"

ಬರುತ್ತಿತ್ತು, ಆದರೆ ಸಮಯ ಕಡಿಮೆ. ಹೊಸ ಆವೃತ್ತಿ ಹೊರಬರುವ ಮೊದಲು ಡಿಸ್ಟ್ರಿಬ್ಯೂಷನ್ ಹೊಸ ಪ್ಯಾಕೇಜ್ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತದೆ. ಅದಕ್ಕೆ ಫ್ರೀಜ್ ಅನ್ನುತ್ತಾರೆ. ಆಗಲೇ ಅದು ಹತ್ತಿರ ಬಂದಿತ್ತು. ತಪ್ಪಿದರೆ ಮುಂದಿನ ಆವೃತ್ತಿಗೆ ವರ್ಷಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಅಕ್ಕೋರ ಲ್ಯಾಬಿಗೆ ಬೀಗ ಬಿದ್ದಿರುತ್ತದೆ. ನಾನು ಬೇಗಬೇಗ ಪ್ಯಾಕೇಜ್ ಕಟ್ಟಿ ಕಳಿಸಿದೆ. ಪರಿಶೀಲಿಸುವವರಿಂದ ಅಷ್ಟೇ ಬೇಗ ಅದು ವಾಪಸ್ ಬಂತು: "ಲೈಸೆನ್ಸ್ ಎಲ್ಲಿ?"

ಖರೆ, ಎಲ್ಲೂ ಇರಲಿಲ್ಲ. ಲೈಬ್ರರಿ ಬರೆದವನು ಇದನ್ನು ಬಳಸಿ ಎಂದು ಒಂದು ಸಾಲೂ ಬರೆದಿರಲಿಲ್ಲ. ಲಿಖಿತ ಅನುಮತಿ ಇಲ್ಲದ ಕೋಡು ಕಾನೂನಿನ ಕಣ್ಣಿಗೆ ಬೀಗ ಹಾಕಿದ ಮನೆ. ಕೋಡಿನ ಮೇಲೆ ಹೆಸರೂ ಇರಲಿಲ್ಲ; ಅದನ್ನು ಹಾಕಿದ್ದ ಜಾಲತಾಣದ ಖಾತೆಯಲ್ಲಿ ಇದ್ದದ್ದು ಎರಡೇ ಪದ: ಈರಣ್ಣ, ಹುಕ್ಕೇರಿ. ಖಾತೆಗೆ ಜೋಡಿಸಿದ್ದ ಇಮೇಲ್ ವಿಳಾಸ ಯಾವಾಗಲೋ ಸತ್ತಿತ್ತು. ಅಕ್ಕೋರ ತಂಗಿಯನ್ನು ಹುಕ್ಕೇರಿಗೆ ಕೊಟ್ಟಿದ್ದರು. ಆ ತಂಗಿ ವಿಚಾರಿಸಿ, ಈರಣ್ಣ ಅಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿದ್ದಾನೆ ಎಂದು ಪತ್ತೆ ಹಚ್ಚಿದಳು.

ಇಬ್ಬರೂ ಬಸ್ಸಿನಲ್ಲಿ ಹೋದೆವು. ಅಕ್ಕೋರು ಗೋಕಾಕದಲ್ಲಿ ಬಸ್ಸು ಬದಲಿಸುವಾಗ ಕರದಂಟು ಕಟ್ಟಿಸಿಕೊಂಡು ಬಂದಿದ್ದರು. ಬರಿಗೈಯಲ್ಲಿ ಹೋಗಿ ಕೇಳಬಾರದಂತೆ. ಕಿಟಕಿಯಾಚೆ ಕಬ್ಬಿನ ಗದ್ದೆಗಳು ಹಿಂದೆ ಸರಿಯುವಾಗ ಅವರು ಲ್ಯಾಬಿನ ಒಂದೊಂದು ಮಗುವಿನ ಹೆಸರು ಹೇಳಿ, ಯಾರು ಯಾವ ಪುಟ ಮಾಡಿದರು ಎಂದು ವರ್ಣಿಸಿದರು. ಆ ಪ್ರಯಾಣ ಇವತ್ತಿಗೂ ನನಗೆ ಬೇಕೆನಿಸುತ್ತದೆ.

ಈರಣ್ಣ ಚಹಾ ತರಿಸಿದ. ವಿಷಯ ಕೇಳಿ ಸಂತೋಷಪಟ್ಟ. ಲೈಸೆನ್ಸ್ ಬರೆದು ಹೆಸರು ಹಾಕು ಅಂದದ್ದೇ ತಡ, ಮುಖ ಗಂಟಿಕ್ಕಿತು.

"ನಮ್ಮಜ್ಜ ದಾರಿಬಾಜೂ ಬಾವಿ ತೋಡಿಸಿದ್ದರಿ. ನಂದು ಐತಿ, ಕುಡೀರಿ ಅಂತ ಬೋರ್ಡ್ ಹಾಕಿದ್ದಿಲ್ಲ. ಕೊಟ್ಟದ್ದರ ಮ್ಯಾಲ ಹೆಸರು ಬರದ್ರ ಅದು ಕೊಟ್ಟಂಗ ಹೆಂಗಾತ್ರಿ?"

ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಕಾನೂನು, ಹಕ್ಕುಸ್ವಾಮ್ಯ ಎಂದು ಅಂಗಡಿ ನಡುಗುವ ಹಾಗೆ ಭಾಷಣ ಬಿಗಿದೆ. ಅವನು ಜಗ್ಗಲಿಲ್ಲ. ದಾಸೋಹದ ಮನೆತನದವನು. ಎಡಗೈಗೆ ಗೊತ್ತಾಗದಂತೆ ಬಲಗೈಲಿ ಕೊಡಬೇಕೆಂದು ಕಲಿತವನು. ಲೈಸೆನ್ಸ್ ಬಿಟ್ಟದ್ದು ಅವನ ಮರೆವಲ್ಲ, ಮರ್ಯಾದೆ ಎಂದು ನನಗೆ ಆಗ ಹೊಳೆಯಿತು. ಭಾಷಣ ಅಲ್ಲಿಗೇ ಬಿಟ್ಟೆ.

ಅಕ್ಕೋರು ಚಹಾದ ಕಪ್ಪು ಕೆಳಗಿಟ್ಟರು. "ಊರಾಗಿನವ್ರಿಗೆ ಬೋರ್ಡ್ ಯಾಕ ಬೇಕೋ ತಮ್ಮಾ? ಬಾವಿ ಯಾರದು ಅಂತ ಎಲ್ಲಾರಿಗೂ ಗೊತ್ತಿರ್ತೈತಿ. ಆದ್ರ ಪರಊರಿಂದ ಬಂದಾಂವ ನೀರಡಿಸಿ ದಂಡಿ ಮ್ಯಾಲ ನಿಂತಿರ್ತಾನ. ಕುಡದ್ರ ಯಾರರ ಬೈತಾರೇನೋ ಅಂತ ಅಂಜತಾನ. ಬೋರ್ಡ್ ನಿನ್ನ ಹೆಸರಿಗಲ್ಲ, ಅವನ ಅಂಜಿಕಿಗೆ."

 ಈರಣ್ಣ ಬಿಲ್ ಮಾಡುವ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದ. "ಎಲ್ಲಿ ಬರೀಬೇಕು ಹೇಳ್ರಿ ಸರ್," ಅಂದ. ಯಾರು ಬೇಕಾದರೂ ಬಳಸಲಿ, ತಿದ್ದಲಿ, ಹಂಚಲಿ ಎಂಬರ್ಥದ ಲೈಸೆನ್ಸ್ ಸೇರಿಸಿ, ಕೆಳಗೆ ತನ್ನ ಹೆಸರು ಹಾಕಿದ. ಪ್ಯಾಕೇಜ್ ಫ್ರೀಜ್‌ಗೆ ಮುಂಚೆ ಒಳಗೆ ಹೋಯಿತು. ಅಕ್ಕೋರು ಬೇಸಿಗೆಯಲ್ಲಿ ನಿವೃತ್ತರಾದರು. ಸ್ವಲ್ಪ ದಿನಕ್ಕೆ ನಾನೂ ಆದೆ.

ಹೋದ ವರ್ಷ ಆ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಇಬ್ಬರನ್ನೂ ಕರೆದಿದ್ದರು. ಲ್ಯಾಬ್ ತೆರೆದೇ ಇತ್ತು. ಹೊಸ ಮಕ್ಕಳು ಪುಟ ಕಟ್ಟುತ್ತಿದ್ದರು.  ಈ ಹಂದರ ಎಲ್ಲಿಂದ ಬಂತು ಎಂದು ಬೇಕೆಂದೇ ಹೊಸ ಶಿಕ್ಷಕರನ್ನು ಕೇಳಿದೆ.

"ಗೊತ್ತಿಲ್ರಿ ಸರ್. ಲಿನಕ್ಸ್ ಹಾಕಿದ್ರ ಸಂಗಡನ ಬರ್ತೈತಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕೋರು, "ಸುಮ್ಮನಿರ್ರಿ ಸರ್," ಅಂತ ಕಣ್ಣಲ್ಲೇ ಗದರಿಸಿದರು.

ಮನೆಗೆ ಬಂದು ಈರಣ್ಣನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವನು ಕೇಳಿದ್ದು ಒಂದೇ ಮಾತು: "ನನ್ನ ಹೆಸರು ಯಾರೂ ಕೇಳಲಿಲ್ಲಲ್ರಿ?"

"ಇಲ್ಲಪಾ."

"ಚಲೋ ಆತು ಬಿಡ್ರಿ," ಅಂದು ನಕ್ಕ.

ಪಗಾರ ಇಲ್ಲದ ಆ ಚಾಕರಿ ನನಗೆ ಕಲಿಸಿದ್ದು ಇಷ್ಟೇ. ಕೊಡುವವನು ಹೆಸರು ಬರೆದಿಡಬೇಕು, ಅನುಮಾನ ಬಂದವನು ಓದಿ ಧೈರ್ಯ ತಂದುಕೊಳ್ಳಲಿ ಎಂದು. ಓದುವ ಅಗತ್ಯವೇ ಬೀಳದೆ ಮಕ್ಕಳು ನೀರು ಕುಡಿದು ಆಟಕ್ಕೆ ಓಡಿದರೆ, ಬಾವಿ ತೋಡಿದ್ದು ಸಾರ್ಥಕ.